ಗಾಳಿತಡಿಕೆ

ಮೂವತ್ತೊಂದು ವರ್ಷ ವೂಜ್ ಊರಿನ ಟ್ರಾಮುಗಳಲ್ಲಿ
ಟಿಕೆಟ್ ಕೇಳಿದವಳು ನಾನು, ದಂಡ ಹಾಕಿದವಳು.
ನಿವೃತ್ತಿಯಾಯಿತು. ಚೀಟಿಪುಸ್ತಕ ಮಾತ್ರ
ತಲೆಯೊಳಗೆ ಇನ್ನೂ ಹರಿಯುತ್ತಲೇ ಇದೆ.

ರಾತ್ರಿ ರೈಲಿನಲ್ಲೇ ಶುರು.
ಎದುರು ಸೀಟಿನವನು ಬೂಟು ಬಿಚ್ಚಿದ.
ಆಮೇಲೆ ಕಾಲುಚೀಲ.
ಆಮೇಲೆ, ದೇವರೇ, ಬೇಯಿಸಿದ ಮೊಟ್ಟೆಯ ಡಬ್ಬಿ.
ಯಾವುದು ಯಾವುದರ ವಾಸನೆ ಎಂದು
ಬಿಡಿಸಿಕೊಳ್ಳುವಷ್ಟರಲ್ಲಿ ಕುಟ್ನೊ ದಾಟಿತ್ತು.
‘ಒಂದು ತಗೊಳ್ಳಿ ಅಮ್ಮಾ’ ಎಂದ.
ತಗೊಂಡೆ. ಉಪ್ಪು ಕಡಿಮೆ.
ದಂಡ: ಐವತ್ತು.

ಊಸ್ತ್ಕಾದಲ್ಲಿ ಹಾಲಿನಾಳ ಬಾಡಿಗೆ ಕೋಣೆ.
ಗೋಡೆ ಅಂದರೆ ರಟ್ಟಿಗೆ ಸುಣ್ಣ ಬಳಿದದ್ದು.
ಆಚೆ ಮಗ್ಗುಲಲ್ಲಿ ಹೊಸದಾಗಿ ಮದುವೆಯಾದವರು;
ಅವರ ಜಗಳ ನನಗೆ ಬಾಯಿಪಾಠ,
ರಾಜಿಯಾದದ್ದು ಅದಕ್ಕಿಂತ ಚೆನ್ನಾಗಿ.

ಮೀನಿನಂಗಡಿಯ ಹಲಗೆಯಲ್ಲಿ ಬೆಲೆ ನೋಡಿ ಕೂತೆ.
ಎದ್ದಾಗ ತಿಳಿಯಿತು, ಅದು ನೂರು ಗ್ರಾಮಿಗೆ.
ತೂಗಿದ್ದರು ಮುಳ್ಳು ಸಮೇತ, ತಲೆ ಸಮೇತ,
ಬಹುಶಃ ತಟ್ಟೆ ಸಮೇತ.

ಇದೆಲ್ಲ ಪೀಠಿಕೆ. ತೀರಕ್ಕೆ ಬನ್ನಿ.
ಬಾಲ್ಟಿಕ್ ನೋಡಲು ಬಂದೆವು, ಕಂಡದ್ದು ಬಟ್ಟೆ.
ಒಬ್ಬೊಬ್ಬನದೂ ಹತ್ತು ಮೊಳ, ಇಪ್ಪತ್ತು ಮೊಳ
ಪಟ್ಟೆಪಟ್ಟೆ ಗಾಳಿತಡಿಕೆ;
ಗೂಟ ಹೊಡೆದು, ಬೇಲಿ ಕಟ್ಟಿ,
ಒಳಗೆ ಒಂದು ಸಂಸಾರ, ಒಂದು ಕಲ್ಲಂಗಡಿ, ಒಂದು ಸಾಮ್ರಾಜ್ಯ.
ಲುಡ್ವಿಕ್ ಎಂಬಾತ ಕಡಲಕಾಗೆ ಕೂಗುವ ಮುನ್ನ ಬಂದು
ಗಡಿ ಹಾಕಿ ಮತ್ತೆ ಹೋಗಿ ಮಲಗುತ್ತಾನೆ.
ಹತ್ತೂವರೆಗೆ ಬರುತ್ತಾನೆ, ಜಮೀನ್ದಾರನ ನಡಿಗೆಯಲ್ಲಿ.
ಅವನ ಹೆಂಡತಿ ಟವೆಲ್ ಕೊಡವುತ್ತಾಳೆ ಗಾಳಿಗೆ ಬೆನ್ನು ಮಾಡಿ,
ಅಂದರೆ ನನಗೆ ಮುಖ ಮಾಡಿ.
ಕಾಫಿ ಕರಕರ.

ಬಲಗಡೆ ಹುಡುಗರ ಸ್ಪೀಕರು, ದುಡುಂ ದುಡುಂ.
ಎಡಗಡೆ ಒಬ್ಬಾಕೆ ಫೋನಿನಲ್ಲಿ
ಪಿತ್ತಕೋಶದ ಕಥೆ ಹೇಳುತ್ತಿದ್ದಾಳೆ ತಂಗಿಗೆ;
ಕಲ್ಲು ಎಷ್ಟು ದಪ್ಪ ಅಂತ ಈಗ
ದೀಪಸ್ತಂಭದವರಿಗೂ ಗೊತ್ತು.
ನಡುವೆ ‘ಬಿಸಿ ಜೋಳಾ!’ ಎನ್ನುವವನು
ನನ್ನ ಕಿರುಬೆರಳು ತುಳಿದು ಜೋಳದ ಬೆಲೆ ಹೇಳಿದ.
ದಂಡ, ದಂಡ, ದಂಡ.
ಪುಸ್ತಕ ಮುಗಿಯುತ್ತ ಬಂತು.

ಆಗ ಬಟ್ಟೆಯ ಓಣಿಯೊಳಗಿಂದ ಒಂದು ಹುಡುಗ,
ನೀಲಿ ಟೋಪಿ, ನಾಲ್ಕು ತುಂಬಿರಬಹುದು.
ಹೆಸರು ಕೇಳಿದರೆ ‘ಯೆರೆಮಿ’.
ಅಮ್ಮ ಎಲ್ಲಿ? ‘ಪಟ್ಟೆಯ ಹತ್ತಿರ.’
ಸುತ್ತ ನೋಡಿದೆ: ಎಲ್ಲವೂ ಪಟ್ಟೆ.

ಎದ್ದವನು ಲುಡ್ವಿಕ್.
ತನ್ನ ಬೇಲಿ ತಾನೇ ತುಳಿದು ಹೊರಗೆ ಬಂದು
ಹುಡುಗನನ್ನು ಹೆಗಲಿಗೇರಿಸಿ
ಚಪ್ಪಾಳೆ ಶುರು ಮಾಡಿದ. ನಮ್ಮಲ್ಲಿ ಹಾಗೇ,
ಮಗು ತಪ್ಪಿಸಿಕೊಂಡರೆ ಕೈ ತಟ್ಟುವುದು.
ಅವನ ಹೆಂಡತಿ ತಟ್ಟಿದಳು. ಸ್ಪೀಕರು ನಿಂತಿತು, ಹುಡುಗರು ತಟ್ಟಿದರು.
ಪಿತ್ತಕೋಶದಾಕೆ ಫೋನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಟ್ಟಿದಳು,
ತಂಗಿಗೂ ಕೇಳಿಸಿರಬೇಕು.
ಬೇಲಿ ಬೇಲಿಯ ಹಿಂದೆ ತಲೆಗಳೆದ್ದವು;
ಚಪ್ಪಾಳೆ ಹುಡುಗನ ಜೊತೆ ನಡೆಯುತ್ತ
ಬಂದರುಕಟ್ಟೆಯ ತನಕ ಹೋಯಿತು.
ಅಲ್ಲಿಂದ ಓಡಿಬಂದವಳು ಕೂಸಿಗೆ ಒಂದು ಬಾರಿಸಿ,
ಮುತ್ತಿಟ್ಟು, ಮತ್ತೊಂದು ಬಾರಿಸಿದಳು.

ನಾನೂ ಎದ್ದು ನಿಂತಿದ್ದೆ.
ನಿಂತದ್ದಕ್ಕೆ ಕಂಡಿತು, ಬಟ್ಟೆಗಳಾಚೆ,
ಮೂರು ದಿನದಲ್ಲಿ ಮೊದಲ ಸಲ, ಸಮುದ್ರ.
ಬೂದು ಬಣ್ಣ. ಅಂಥ ದೊಡ್ಡದೇನಲ್ಲ.

ಎಲ್ಲರೂ ಕೂತರು. ದುಡುಂ ದುಡುಂ.
ಟವೆಲ್ ಕೊಡವಿದಳು.

ಮರುದಿನ ನಾಲ್ಕೂಮುಕ್ಕಾಲಿಗೆ
ಹಾಲಿನಾಳ ಹಳೆಯ ಪರದೆ ಹೆಗಲ ಮೇಲೆ,
ಕೊಡತಿ ಕೈಯಲ್ಲಿ, ಮರಳಿಗಿಳಿದೆ.
ಎರಡನೇ ಗೂಟ ಹೊಡೆಯುವಾಗ ಬೆನ್ನ ಹಿಂದೆ ಕೆಮ್ಮು.
‘ಸೊಟ್ಟಗಿದೆ ಅಮ್ಮಾ’ ಎಂದ ಲುಡ್ವಿಕ್, ಚಳಿಗೆ ನಡುಗುತ್ತ.
‘ಕೊಡತಿ ಕೊಡಿ ಇತ್ತ.’

ಕೊಡಲಿಲ್ಲ.